ದೇಸಾಯಿಗಂಜ್ ಠಾಣೆಯಿಂದ 375ನೇ ಕಲಮಿನವರೆಗೆ

ಮಥುರಾ ಆ ರಾತ್ರಿ ಠಾಣೆಗೆ ಹೋದದ್ದು ಆರೋಪಿಯಾಗಿ ಅಲ್ಲ, ದೂರು ಕೊಡಲೂ ಅಲ್ಲ. ದೂರು ಕೊಟ್ಟವನು ಅವಳ ಅಣ್ಣ. ತಂದೆತಾಯಿ ಇಲ್ಲದ ಈ ಆದಿವಾಸಿ ಹುಡುಗಿ ಕೂಲಿನಾಲಿ ಮಾಡಿಕೊಂಡು ಅಣ್ಣನ ಆಸರೆಯಲ್ಲಿದ್ದಳು. ಕೆಲಸಕ್ಕೆ ಹೋಗುತ್ತಿದ್ದ ಮನೆಯವರ ಸಂಬಂಧಿ ಹುಡುಗನೊಬ್ಬನ ಪರಿಚಯವಾಯಿತು, ಮನಸ್ಸು ಕೂಡಿತು, ಮದುವೆಯಾಗುವುದೆಂದು ಇಬ್ಬರೂ ನಿಶ್ಚಯಿಸಿಕೊಂಡರು. ಅಣ್ಣನಿಗೆ ಸರಿಕಾಣಲಿಲ್ಲ. ತಂಗಿಯನ್ನು ಅಪಹರಿಸಿದ್ದಾರೆ ಎಂದು ಪೊಲೀಸರಿಗೆ ದೂರು ಕೊಟ್ಟ. ಹೀಗೆ 1972ರ ಮಾರ್ಚ್ 26ರ ರಾತ್ರಿ ಒಂಬತ್ತರ ಸುಮಾರಿಗೆ ಎರಡೂ ಕಡೆಯವರು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ದೇಸಾಯಿಗಂಜ್ ಠಾಣೆಯಲ್ಲಿ ಸೇರಿದರು. ಊರು ಈಗ ಗಡಚಿರೋಲಿ ಜಿಲ್ಲೆಯಲ್ಲಿದೆ. ದೂರಿನ ಪ್ರಕಾರ ಮಥುರಾ ಅಪಹರಣಕ್ಕೊಳಗಾದವಳು. ಎಂದರೆ ಆ ಠಾಣೆಯವರು ಕಾಪಾಡಬೇಕಾಗಿದ್ದ ಹುಡುಗಿ.

ಒಬ್ಬ ಹೆಡ್ ಕಾನ್‌ಸ್ಟೆಬಲ್ ಎಲ್ಲರ ಹೇಳಿಕೆ ಬರೆದುಕೊಂಡ. ಹುಡುಗಿಯ ಜನನ ದಾಖಲೆಯ ನಕಲು ತರುವಂತೆ ಅಣ್ಣನಿಗೆ ಹೇಳಿ, ಹತ್ತೂವರೆಯ ಹೊತ್ತಿಗೆ ಊಟಕ್ಕೆ ಮನೆಗೆ ಹೋದ. ಬಂದವರೆಲ್ಲ ಹೊರಟು ನಿಂತರು. ಠಾಣೆಯಲ್ಲಿ ಉಳಿದಿದ್ದವರು ಇನ್ನೊಬ್ಬ ಹೆಡ್ ಕಾನ್‌ಸ್ಟೆಬಲ್ ಮತ್ತು ಒಬ್ಬ ಕಾನ್‌ಸ್ಟೆಬಲ್. ಮಥುರಾಳನ್ನು ಮಾತ್ರ ನಿಲ್ಲಿಸಿಕೊಂಡು ಉಳಿದವರನ್ನು ಹೊರಗೆ ಕಳುಹಿಸಿದರು ಎಂಬುದು ಪ್ರಾಸಿಕ್ಯೂಷನ್ ವಾದ. ಕಾನ್‌ಸ್ಟೆಬಲ್ ಅವಳನ್ನು ಹಿಂದಿನ ಪಾಯಖಾನೆಗೆ ಎಳೆದೊಯ್ದ, ಅಲ್ಲಿಂದ ಹಿತ್ತಲ ಪಡಸಾಲೆಗೆ ತಂದು ಅತ್ಯಾಚಾರ ಮಾಡಿದ. ಅವನ ನಂತರ ಹೆಡ್ ಕಾನ್‌ಸ್ಟೆಬಲ್ ಮೈಮೇಲೆ ಕೈಹಾಕಿದ; ಕುಡಿದಿದ್ದರಿಂದ ಅವನಿಂದ ಮುಂದುವರಿಯಲಾಗಲಿಲ್ಲ. ಇಷ್ಟು ಮಥುರಾಳ ಹೇಳಿಕೆ.

ಹೊರಗೆ ಕಾಯುತ್ತಿದ್ದವರಿಗೆ ಕಂಡದ್ದು ಠಾಣೆಯ ದೀಪ ಆರಿ ಬಾಗಿಲು ಮುಚ್ಚಿದ್ದು. ಕೂಗಿ ಕರೆದರು. ಸ್ವಲ್ಪ ಹೊತ್ತಿನಲ್ಲಿ ಜನ ಸೇರಿತು. ಮಥುರಾ ಹೊರಬಂದು ನಡೆದದ್ದನ್ನು ಹೇಳಿದ ಮೇಲೆ, ಠಾಣೆಗೇ ಬೆಂಕಿ ಹಚ್ಚುತ್ತೇವೆಂದು ಜನ ಕೂಗಾಡಿದರು. ಊಟಕ್ಕೆ ಹೋಗಿದ್ದ ಹೆಡ್ ಕಾನ್‌ಸ್ಟೆಬಲ್ಲನನ್ನು ಕರೆಸಿ ದೂರು ಬರೆಸಿಕೊಳ್ಳಬೇಕಾಯಿತು. ಆ ರಾತ್ರಿ ಅಲ್ಲಿ ಸೇರಿದ್ದ ಗುಂಪು ಇಲ್ಲದಿದ್ದರೆ ಈ ಮೊಕದ್ದಮೆಯೇ ಹುಟ್ಟುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಠಾಣೆಯಲ್ಲಿ ನಡೆದ ಅಪರಾಧದ ದೂರನ್ನು ಅದೇ ಠಾಣೆಯಲ್ಲಿ ಬರೆಸುವುದು ಒಂಟಿ ಹುಡುಗಿಯೊಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ.

ಮರುದಿನ ರಾತ್ರಿ ಎಂಟಕ್ಕೆ, ಸುಮಾರು ಇಪ್ಪತ್ತು ಗಂಟೆ ಕಳೆದ ಮೇಲೆ, ವೈದ್ಯಕೀಯ ಪರೀಕ್ಷೆಯಾಯಿತು. ವಯಸ್ಸು 14ರಿಂದ 16ರ ನಡುವೆ ಇರಬಹುದು, ಮೈಮೇಲೆ ಗಾಯಗಳಿಲ್ಲ, ಕನ್ಯಾಪೊರೆಯಲ್ಲಿರುವುದು ಹಿಂದೆಯೇ ಹರಿದಿದ್ದ ಗುರುತು ಎಂದು ವೈದ್ಯರು ಬರೆದರು. ಅವಳ ಬಟ್ಟೆಯ ಮೇಲೂ ಕಾನ್‌ಸ್ಟೆಬಲ್ಲನ ಪೈಜಾಮದ ಮೇಲೂ ವೀರ್ಯದ ಕಲೆ ಸಿಕ್ಕಿತು. ಮುಂದೆ ಆರೂವರೆ ವರ್ಷ ಮೂರು ನ್ಯಾಯಾಲಯಗಳು ಮಗುಚಿ ಹಾಕಿದ್ದು ಹೆಚ್ಚುಕಡಿಮೆ ಇಷ್ಟೇ ವಿವರಗಳನ್ನು.

ಚಂದ್ರಪುರದ ಸೆಷನ್ಸ್ ನ್ಯಾಯಾಧೀಶರ ತೀರ್ಪು 1974ರ ಜೂನ್ 1ರಂದು ಬಂತು. ಆಗ ಸಮ್ಮತಿಯ ವಯಸ್ಸು 16. ಹುಡುಗಿ ಅದಕ್ಕಿಂತ ಚಿಕ್ಕವಳೆಂದು ಸಾಬೀತಾಗಿದ್ದರೆ ಸಮ್ಮತಿಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಆದರೆ ಆ ಬಗ್ಗೆ ತೃಪ್ತಿಕರ ಪುರಾವೆ ಇಲ್ಲವೆಂದು ನ್ಯಾಯಾಧೀಶರು ಭಾವಿಸಿದರು. ಮುಂದೆ ಹೋಗಿ, ಇವಳು ಸುಳ್ಳುಗಾತಿ, ಲೈಂಗಿಕ ಸಂಪರ್ಕ ರೂಢಿಯಾದವಳು ಎಂದರು. ದೈಹಿಕ ಸಂಪರ್ಕ ನಡೆದಿರಬಹುದು, ಅದು ಅತ್ಯಾಚಾರವಾಗಬೇಕಿಲ್ಲ ಎಂಬುದು ಅವರ ವಿಂಗಡಣೆ. ಹೊರಗೆ ತಾನು ಮೆಚ್ಚಿದ ಹುಡುಗ ನಿಂತಿದ್ದಾನೆ, ಜನ ಸೇರಿದ್ದಾರೆ. ಅವರೆದುರು ಮಾನ ಉಳಿಸಿಕೊಳ್ಳಲು ಅತ್ಯಾಚಾರದ ಮಾತು ಎತ್ತಿದಳು ಎಂದು ಊಹಿಸಿ ಇಬ್ಬರನ್ನೂ ಖುಲಾಸೆ ಮಾಡಿದರು.

ಮುಂಬೈ ಹೈಕೋರ್ಟಿನ ನಾಗಪುರ ಪೀಠ 1976ರ ಅಕ್ಟೋಬರ್ 12ರಂದು ಇದನ್ನು ತಿರುವಿಹಾಕಿತು. ಕಾನ್‌ಸ್ಟೆಬಲ್ಲನಿಗೆ ಐದು ವರ್ಷ, ಹೆಡ್ ಕಾನ್‌ಸ್ಟೆಬಲ್ಲನಿಗೆ ಒಂದು ವರ್ಷ. ಅದರ ವಾದಸರಣಿ ಇವತ್ತು ಓದಿದರೂ ಹಳತೆನಿಸುವುದಿಲ್ಲ. ಇಬ್ಬರು ಪೊಲೀಸರೂ ಹುಡುಗಿಗೆ ಅಪರಿಚಿತರು. ಅಣ್ಣನ ದೂರಿನ ಮೇಲೆ ಬಂದವಳು ತಾನಾಗಿ ಅವರ ಸಂಗ ಬಯಸುವುದು ಅಸಂಭವ. ಮುಂದುವರಿದವರು ಅವರೇ ಆಗಿರಬೇಕು. ಅವರ ಕೈಯಲ್ಲಿ ಸಿಕ್ಕಿಬಿದ್ದವಳು ಎದುರಿಸದೆ ಸೋತಿದ್ದರೆ ಆ ಸೋಲನ್ನು ಸಮ್ಮತಿ ಎನ್ನಲಾಗದು. ವೈದ್ಯಕೀಯ ಪರೀಕ್ಷೆ ತಡವಾದದ್ದನ್ನೂ, ಅಷ್ಟರಲ್ಲಿ ಅವಳು ಸ್ನಾನ ಮಾಡಿರಬಹುದಾದದ್ದನ್ನೂ ಪೀಠ ಗಮನಿಸಿತು. ಇದೇನೂ ಹೊಸ ತತ್ತ್ವವಾಗಿರಲಿಲ್ಲ. 1950ರ ದಶಕದಲ್ಲೇ ಪಂಜಾಬ್ ಹೈಕೋರ್ಟಿನ ನ್ಯಾಯಮೂರ್ತಿ ಟೇಕ್ ಚಂದ್, ರಾವ್ ಹರನಾರಾಯಣ ಸಿಂಗ್ ಮೊಕದ್ದಮೆಯಲ್ಲಿ, ತಪ್ಪಿಸಿಕೊಳ್ಳಲಾಗದ ಬಲವಂತದೆದುರು ಕೈಚೆಲ್ಲುವುದು ಸಮ್ಮತಿಯಾಗದು ಎಂದು ವಿವರವಾಗಿ ಬರೆದಿದ್ದರು. ದಂಡ ಸಂಹಿತೆಯ 90ನೇ ಕಲಂ ಅಂತೂ 1860ರಿಂದಲೇ ಭಯದಿಂದ ಕೊಟ್ಟ ಸಮ್ಮತಿ ಸಮ್ಮತಿಯೇ ಅಲ್ಲ ಎನ್ನುತ್ತಿತ್ತು. ಕಾನೂನಿನಲ್ಲಿ ದಾರಿ ಇತ್ತು, ನಡೆದವರೂ ಇದ್ದರು. ಮುಂದೆ ನಡೆದದ್ದನ್ನು ಕಾನೂನಿನ ಕೊರತೆ ಎಂದು ವಿವರಿಸುವವರಿಗೆ ಈ ಮಾತನ್ನು ನೆನಪಿಸಬೇಕು.

1978ರ ಸೆಪ್ಟೆಂಬರ್ 15. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಜಸ್ವಂತ್ ಸಿಂಗ್, ಪಿ.ಎಸ್. ಕೈಲಾಸಂ ಮತ್ತು ಎ.ಡಿ. ಕೋಶಲ್ ಅವರ ಪೀಠ. ತೀರ್ಪು ಬರೆದವರು ಕೋಶಲ್. ಅವರ ತರ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಮೇಲ್ನೋಟಕ್ಕೆ ಅದು ಅಚ್ಚುಕಟ್ಟಾಗಿದೆ. ಎದುರಿಸಿದೆ, ಕೂಗಿಕೊಂಡೆ ಎಂದು ಮಥುರಾ ಹೇಳಿದ್ದಳು. ಮೈಮೇಲೆ ಗಾಯವಿಲ್ಲ. ಗಾಯವಿಲ್ಲದ್ದರಿಂದ ಎದುರಿಸಿದ್ದು ಸುಳ್ಳು. ಎದುರಿಸಿದ್ದು ಸುಳ್ಳಾದರೆ ಕೂಗಿದ್ದೂ ಕಟ್ಟುಕತೆ. ನಡೆದದ್ದು ಗದ್ದಲವಿಲ್ಲದೆ ಶಾಂತವಾಗಿ ನಡೆದಿದೆ. ಅಣ್ಣ ಮತ್ತು ಮನೆಯವರು ಹತ್ತಿರದಲ್ಲೇ ಇದ್ದಾಗ ಕಾನ್‌ಸ್ಟೆಬಲ್ ಕೈಹಿಡಿದು ಎಳೆದಿದ್ದರೆ ಅವಳು ಅವರಿಗೆ ಮೊರೆಯಿಡಬಹುದಿತ್ತಲ್ಲ? ಇನ್ನು ಹೈಕೋರ್ಟ್ ಹೇಳಿದ ಅಸಹಾಯಕ ಶರಣಾಗತಿ. ಅತ್ಯಾಚಾರ ಎಂದರೇನೆಂದು ಹೇಳುವ, ದಂಡ ಸಂಹಿತೆಯ ಆಗಿನ 375ನೇ ಕಲಂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಸಾವಿನ ಭಯವನ್ನು ಅಥವಾ ಪೆಟ್ಟಿನ ಭಯವನ್ನು. ಅಂಥ ಭಯ ಹುಟ್ಟಿಸಿದ್ದಕ್ಕೆ ಸಾಕ್ಷ್ಯವಿಲ್ಲ. ಇಬ್ಬರೂ ಖುಲಾಸೆ.

ಆ ಕಲಮಿನಲ್ಲಿ ಭಯದ ಮಾತು ಬರುವುದು ಮೂರನೆಯ ಪ್ರಕಾರದಲ್ಲಿ. ಹೆಣ್ಣು ಒಪ್ಪಿಗೆ ಕೊಟ್ಟಿದ್ದಾಳೆ, ಆದರೆ ಹೆದರಿಸಿ ಪಡೆದದ್ದು ಎಂಬ ಸಂದರ್ಭಕ್ಕೆ ಅದು. ಅದಕ್ಕೆ ಮುಂಚೆ ಎರಡನೆಯ ಪ್ರಕಾರ ಇತ್ತು: ಸಮ್ಮತಿ ಇಲ್ಲದೆ. ಮಥುರಾ ಯಾವಾಗ, ಯಾವ ಮಾತಿನಿಂದ, ಯಾವ ಸನ್ನೆಯಿಂದ ಒಪ್ಪಿದಳು ಎಂದು ನ್ಯಾಯಾಲಯ ಕೇಳಿಕೊಳ್ಳಲಿಲ್ಲ. ಯಾಕೆ ಒದ್ದಾಡಲಿಲ್ಲ ಎಂದು ಕೇಳಿತು. ಠಾಣೆಯ ಕತ್ತಲೆ, ಮುಚ್ಚಿದ ಬಾಗಿಲು, ಎರಡು ಸಮವಸ್ತ್ರ, ಓದುಬರಹ ಬಾರದ ಹುಡುಗಿ, ಇವು ಯಾವುವೂ ಆ ತರ್ಕದೊಳಗೆ ಬರಲಿಲ್ಲ. ಅವಳಿಗೆ ಮೊದಲೇ ಒಬ್ಬ ಗೆಳೆಯನಿದ್ದ ಎಂಬುದು ಮಾತ್ರ ಮೊದಲ ತೀರ್ಪಿನಿಂದಲೂ ಹಿನ್ನೆಲೆಯಲ್ಲಿ ನಿಂತೇ ಇತ್ತು. ‘ಮೌನಂ ಸಮ್ಮತಿ ಲಕ್ಷಣಂ’ ಎಂದು ನಮ್ಮಲ್ಲಿ ಹೆಣ್ಣು ನೋಡಲು ಹೋದವರು ಹೇಳಿ ಎದ್ದುಬಿಡುವುದುಂಟು. ಅದೇ ಮಾತು ಹೆಚ್ಚುಕಡಿಮೆ ದೇಶದ ಅತ್ಯುನ್ನತ ನ್ಯಾಯಾಲಯದ ಸಾಕ್ಷ್ಯ ನಿಯಮವಾಗಿಬಿಟ್ಟಿತು.

ತೀರ್ಪು ಬಂದು ಒಂದು ವರ್ಷ ಯಾರೂ ಅದರ ಸುದ್ದಿ ಎತ್ತಲಿಲ್ಲ. ಕಾನೂನು ವರದಿಗಳಲ್ಲಿ ಅಚ್ಚಾದ ನೂರಾರು ತೀರ್ಪುಗಳ ನಡುವೆ ಅದೂ ಒಂದಾಗಿತ್ತು. 1979ರ ಸೆಪ್ಟೆಂಬರ್ 16ರಂದು ನಾಲ್ವರು ಕಾನೂನು ಅಧ್ಯಾಪಕರು ಭಾರತದ ಮುಖ್ಯ ನ್ಯಾಯಮೂರ್ತಿಗೆ ಒಂದು ಬಹಿರಂಗ ಪತ್ರ ಬರೆದರು. ದೆಹಲಿಯ ಉಪೇಂದ್ರ ಬಕ್ಷಿ ಮತ್ತು ಲತಿಕಾ ಸರ್ಕಾರ್, ಪುಣೆಯ ವಸುಧಾ ಧಗಂವಾರ್ ಮತ್ತು ರಘುನಾಥ ಕೇಳ್ಕರ್. ಲತಿಕಾ ಅವರು 1974ರಲ್ಲಿ ವರದಿ ಕೊಟ್ಟ ಮಹಿಳೆಯರ ಸ್ಥಾನಮಾನ ಸಮಿತಿಯ ಸದಸ್ಯರಾಗಿದ್ದವರು. ಮುಖ್ಯ ನ್ಯಾಯಮೂರ್ತಿ ಆಗ ವೈ.ವಿ. ಚಂದ್ರಚೂಡ್.

ಪತ್ರದ ಧಾಟಿ ಮೇಷ್ಟ್ರುಗಳದ್ದೇ: ವಿನಯ ಇದೆ, ಆದರೆ ಒಂದು ಸಾಲಿಗೂ ರಿಯಾಯಿತಿ ಇಲ್ಲ. ಸಮ್ಮತಿಯಲ್ಲಿ ಶರಣಾಗತಿ ಇರುತ್ತದೆ, ಆದರೆ ಶರಣಾಗತಿಯಲ್ಲೆಲ್ಲ ಸಮ್ಮತಿ ಇರಬೇಕೆಂದಿಲ್ಲ. ಕಾನೂನು ಓದುವ ಯಾವ ವಿದ್ಯಾರ್ಥಿಗೂ ಗೊತ್ತಿರುವ ಈ ವ್ಯತ್ಯಾಸ ನ್ಯಾಯಾಲಯಕ್ಕೆ ಯಾಕೆ ಕಾಣಲಿಲ್ಲ ಎಂದು ಕೇಳಿದರು. ಮದುವೆಗೆ ಮುಂಚೆ ಸಂಬಂಧ ಇಟ್ಟುಕೊಳ್ಳಬಾರದೆಂಬ ಸಮಾಜದ ಕಟ್ಟುಪಾಡು, ಅದನ್ನು ಮೀರಿದ ಹುಡುಗಿಯರ ಮೇಲೆ ಕೈಮಾಡಲು ಪೊಲೀಸರಿಗೆ ಕೊಟ್ಟ ಪರವಾನಗಿಯೇ ಎಂದರು. ನನಗೆ ಎಲ್ಲಕ್ಕಿಂತ ಚುರುಕಾಗಿ ಕಂಡದ್ದು ಇನ್ನೊಂದು ಅಂಶ. ಅದೇ ಸುಪ್ರೀಂ ಕೋರ್ಟು ಮಥುರಾ ತೀರ್ಪಿಗೆ ಐದು ತಿಂಗಳ ಹಿಂದಷ್ಟೇ, 1978ರ ಏಪ್ರಿಲ್‌ನಲ್ಲಿ, ನಂದಿನಿ ಸತ್ಪತಿ ಮೊಕದ್ದಮೆಯಲ್ಲಿ ಹೆಣ್ಣುಮಕ್ಕಳನ್ನು ವಿಚಾರಣೆಗೆ ಠಾಣೆಗೆ ಕರೆಸುವುದು ಕಾನೂನುಬಾಹಿರವೆಂದು ಖಂಡಿಸಿತ್ತು. ನಂದಿನಿ ಸತ್ಪತಿ ಒಡಿಶಾದ ಮಾಜಿ ಮುಖ್ಯಮಂತ್ರಿ. ಮಥುರಾ ಕೂಲಿ ಹುಡುಗಿ. ಅವಳನ್ನು ರಾತ್ರಿ ಹೊತ್ತು ಠಾಣೆಯಲ್ಲಿ ಇರಿಸಿಕೊಂಡದ್ದರ ಬಗ್ಗೆ ತೀರ್ಪಿನಲ್ಲಿ ಒಂದು ಕಟುಮಾತೂ ಇಲ್ಲ.

ಮೇಲಿನ ನ್ಯಾಯಾಲಯದ ತೀರ್ಪನ್ನು ಅಧ್ಯಾಪಕರು ಹೀಗೆ ಬಹಿರಂಗವಾಗಿ ಪ್ರಶ್ನಿಸುವುದು ಆಗ ಸಾಮಾನ್ಯ ಸಂಗತಿಯಲ್ಲ. ಪತ್ರ ಪತ್ರಿಕೆಗಳಿಗೆ ಸಿಕ್ಕಿತು, ಮಹಿಳಾ ಗುಂಪುಗಳ ಕೈ ಸೇರಿತು. 1980ರ ಆರಂಭದಲ್ಲಿ ಮುಂಬೈಯಲ್ಲಿ ಅತ್ಯಾಚಾರ ವಿರೋಧಿ ವೇದಿಕೆ ಹುಟ್ಟಿಕೊಂಡಿತು. ಆ ವರ್ಷದ ಮಾರ್ಚ್ 8ರಂದು ದೆಹಲಿ, ಮುಂಬೈ, ನಾಗಪುರ, ಹೈದರಾಬಾದುಗಳಲ್ಲಿ ಮೆರವಣಿಗೆಗಳು ನಡೆದವು. ಮೊಕದ್ದಮೆಯನ್ನು ಮತ್ತೆ ತೆರೆಯಬೇಕೆಂಬುದು ಕೂಗು. ತೆರೆಯಲಿಲ್ಲ.

ಹೈದರಾಬಾದಿಗೆ ಇದರಲ್ಲಿ ತನ್ನದೇ ನೋವಿತ್ತು. 1978ರ ಮಾರ್ಚ್ ಕೊನೆಯಲ್ಲಿ ರಾತ್ರಿ ಸಿನಿಮಾ ನೋಡಿಕೊಂಡು ಬರುತ್ತಿದ್ದ ರಮೀಜಾ ಬೀ ಎಂಬಾಕೆಯನ್ನು ನಲ್ಲಕುಂಟ ಠಾಣೆಗೆ ಎಳೆದೊಯ್ದಿದ್ದರು. ಅಲ್ಲಿ ಅತ್ಯಾಚಾರವಾಯಿತೆಂದು ಆಕೆ ಹೇಳಿದಳು. ಕೇಳಲು ಹೋದ ಗಂಡ, ರಿಕ್ಷಾ ಎಳೆಯುತ್ತಿದ್ದವನು, ಪೊಲೀಸರ ಹೊಡೆತಕ್ಕೆ ಸತ್ತ. ಊರಿಗೆ ಊರೇ ಬೀದಿಗಿಳಿಯಿತು, ಗೋಲಿಬಾರಾಯಿತು. ಆಂಧ್ರ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಮುಕ್ತದರ್ ಆಯೋಗ ಪೊಲೀಸರು ತಪ್ಪಿತಸ್ಥರೆಂದು ವರದಿ ಕೊಟ್ಟಿತು. ಆ ಮೊಕದ್ದಮೆಯ ಕೊನೆ ಬರೆದದ್ದು ನಮ್ಮ ರಾಯಚೂರಿನಲ್ಲಿ. ಆಂಧ್ರದಲ್ಲಿ ನ್ಯಾಯ ಸಿಗದೆಂದು ಆರೋಪಿ ಪೊಲೀಸರು ಕೋರಿದ್ದರಿಂದ ವಿಚಾರಣೆ ಕರ್ನಾಟಕಕ್ಕೆ ವರ್ಗವಾಗಿತ್ತು. 1981ರಲ್ಲಿ ರಾಯಚೂರಿನ ಸೆಷನ್ಸ್ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು. ಇಷ್ಟು ದೊಡ್ಡ ಪ್ರಕರಣ ನಮ್ಮ ನೆಲದಲ್ಲಿ ಮುಗಿಯಿತೆಂಬುದು ಕನ್ನಡದ ಓದುಗರಲ್ಲಿ ಎಷ್ಟು ಮಂದಿಗೆ ನೆನಪಿದೆಯೋ.

ಬೀದಿಯ ಒತ್ತಡ ಕಾನೂನು ಆಯೋಗವನ್ನು ತಟ್ಟಿತು. 1980ರ ಏಪ್ರಿಲ್‌ನಲ್ಲಿ ಆಯೋಗ ತನ್ನ 84ನೇ ವರದಿ ಕೊಟ್ಟಿತು. ‘ಸಮ್ಮತಿ’ ಎಂಬಷ್ಟೇ ಇರುವಲ್ಲಿ ಮುಕ್ತವಾಗಿ, ಸ್ವಇಚ್ಛೆಯಿಂದ ಕೊಟ್ಟ ಸಮ್ಮತಿ ಎಂದು ಬರೆಯಬೇಕು, ಹೆಣ್ಣಿನ ಹಿಂದಿನ ಸಂಬಂಧಗಳ ಬಗ್ಗೆ ಪ್ರಶ್ನೆ ಕೇಳದಂತೆ ತಡೆಯಬೇಕು ಎಂದೆಲ್ಲ ಅದರಲ್ಲಿತ್ತು. ಅದೇ ಆಗಸ್ಟಿನಲ್ಲಿ ಸಂಸತ್ತಿಗೆ ಮಸೂದೆ ಬಂತು, ಜಂಟಿ ಸಮಿತಿಗೆ ಹೋಯಿತು, ಮೂರು ವರ್ಷ ಎಳೆದಾಡಿತು. ಕೊನೆಗೆ 1983ರ ಡಿಸೆಂಬರ್ 25ರಂದು ತಿದ್ದುಪಡಿ ಜಾರಿಗೆ ಬಂದಾಗ ಈ ಎರಡೂ ಅದರಲ್ಲಿರಲಿಲ್ಲ.

ಬಂದದ್ದೂ ಕಡಿಮೆಯೇನಲ್ಲ. ಪೊಲೀಸ್, ಜೈಲು, ಆಸ್ಪತ್ರೆಯಂಥ ಕಡೆ ವಶದಲ್ಲಿರುವ ಹೆಣ್ಣಿನ ಮೇಲೆ ನಡೆಯುವ ಅತ್ಯಾಚಾರ ಪ್ರತ್ಯೇಕ ಅಪರಾಧವಾಯಿತು. ಸಾಮಾನ್ಯ ಪ್ರಕರಣಗಳಿಗೆ ಕನಿಷ್ಠ ಏಳು ವರ್ಷ, ಇಂಥವಕ್ಕೆ ಕನಿಷ್ಠ ಹತ್ತು ವರ್ಷ ಶಿಕ್ಷೆ. ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬೇಕು, ಸಂತ್ರಸ್ತೆಯ ಹೆಸರು ಅಚ್ಚಾಗಕೂಡದು. ಸಾಕ್ಷ್ಯ ಅಧಿನಿಯಮಕ್ಕೆ 114ಎ ಎಂಬ ಕಲಂ ಸೇರಿತು: ವಶದಲ್ಲಿದ್ದಾಗ ಸಂಪರ್ಕ ನಡೆದದ್ದು ಸಾಬೀತಾಗಿ, ನಾನು ಒಪ್ಪಿರಲಿಲ್ಲ ಎಂದು ಹೆಣ್ಣು ಸಾಕ್ಷ್ಯ ನುಡಿದರೆ, ನ್ಯಾಯಾಲಯ ಅವಳು ಒಪ್ಪಿರಲಿಲ್ಲವೆಂದೇ ಭಾವಿಸಬೇಕು. ಒಪ್ಪಿದ್ದಳೆಂದು ತೋರಿಸುವ ಹೊಣೆ ಪೊಲೀಸಪ್ಪನದು. ಈ ಕಲಂ 1972ರಲ್ಲಿ ಇದ್ದಿದ್ದರೆ ದೇಸಾಯಿಗಂಜಿನ ಮೊಕದ್ದಮೆ ಬೇರೆಯೇ ಆಗುತ್ತಿತ್ತು.

ಆದರೆ ಹಳೆಯ ನೋಟ ಕಿಟಕಿಯಿಂದ ಮತ್ತೆ ಒಳಬಂತು. ಕನಿಷ್ಠ ಶಿಕ್ಷೆಯನ್ನು ‘ಸಮರ್ಪಕ ಮತ್ತು ವಿಶೇಷ ಕಾರಣ’ಗಳಿದ್ದರೆ ಇಳಿಸಬಹುದೆಂದು ಅದೇ ತಿದ್ದುಪಡಿಯಲ್ಲಿ ಬರೆದಿತ್ತು. 1989ರಲ್ಲಿ ಹರಿಯಾಣದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಸಂತ್ರಸ್ತೆಯ ನಡತೆಯನ್ನು ಮುಂದಿಟ್ಟು ಪೊಲೀಸರ ಹತ್ತು ವರ್ಷದ ಶಿಕ್ಷೆಯನ್ನು ಐದಕ್ಕೆ ಇಳಿಸಿತು. ಕರ್ನಾಟಕದಲ್ಲಿ ಏಳೆಂಟು ವರ್ಷದ ಬಾಲೆಯ ಮೇಲೆ ಅತ್ಯಾಚಾರ ಮಾಡಿದವನಿಗೆ ಕೆಳ ನ್ಯಾಯಾಲಯ ಕೊಟ್ಟಿದ್ದ ಹತ್ತು ವರ್ಷವನ್ನು ನಮ್ಮ ಹೈಕೋರ್ಟ್ ನಾಲ್ಕಕ್ಕೆ ಇಳಿಸಿತು. ಅವನು ಅನಕ್ಷರಸ್ಥ, ಕುಡಿತದ ಚಟದವನು, ಮುದಿ ತಾಯಿ ಮತ್ತು ಹೆಂಡತಿ ಮಕ್ಕಳು ಅವನನ್ನೇ ನೆಚ್ಚಿದ್ದಾರೆ, ಇವೇ ಆ ವಿಶೇಷ ಕಾರಣಗಳು! 2000ನೇ ಇಸವಿಯಲ್ಲಿ, ಕರ್ನಾಟಕ ರಾಜ್ಯ ವಿರುದ್ಧ ಕೃಷ್ಣಪ್ಪ ಎಂದು ಹೆಸರಾದ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಹತ್ತು ವರ್ಷವನ್ನು ಮರಳಿ ನಿಲ್ಲಿಸಿತು.

ಇನ್ನು ನಡತೆಯ ಪ್ರಶ್ನೆ. 1872ರ ಸಾಕ್ಷ್ಯ ಅಧಿನಿಯಮದ 155(4)ನೇ ಕಲಂ ಅತ್ಯಾಚಾರದ ಆರೋಪಿಗೆ ಒಂದು ವಿಶೇಷ ಅಸ್ತ್ರ ಕೊಟ್ಟಿತ್ತು: ದೂರುದಾರಳು ಸಾಮಾನ್ಯವಾಗಿ ಕೆಟ್ಟ ನಡತೆಯವಳೆಂದು ತೋರಿಸಿ ಅವಳ ಮಾತಿನ ಮೇಲಿನ ನಂಬಿಕೆ ಕೆಡಿಸಬಹುದು. ಪಾಟಿ ಸವಾಲಿನಲ್ಲಿ ವಕೀಲರು ಹೆಣ್ಣಿನ ಬದುಕನ್ನು ಬೀದಿಗೆ ಹರವುತ್ತಿದ್ದದ್ದು ಈ ಬಲದಿಂದಲೇ. 1996ರಲ್ಲಿ ಪಂಜಾಬಿನ ಗುರ್ಮೀತ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ಎ.ಎಸ್. ಆನಂದ್ ಇಂಥ ಪ್ರಶ್ನೆಗಳನ್ನು ನೋಡುತ್ತ ಕೂರಬೇಡಿ ಎಂದು ವಿಚಾರಣಾ ನ್ಯಾಯಾಧೀಶರಿಗೆ ಕಟುವಾಗಿಯೇ ಹೇಳಿದರು. ಕಲಂ ಕಿತ್ತುಹೋದದ್ದು 2003ರಲ್ಲಿ. ಕಾನೂನು ಆಯೋಗ 1980ರಲ್ಲೇ ಎತ್ತಿದ್ದ ಪ್ರಶ್ನೆಗೆ ಸಂಸತ್ತು ಉತ್ತರಿಸಲು ಇಪ್ಪತ್ತಮೂರು ವರ್ಷ ಹಿಡಿಯಿತು.

ಉಳಿದದ್ದು ಸಮ್ಮತಿಯ ವ್ಯಾಖ್ಯೆ. ಅದಕ್ಕೆ 2012ರ ಡಿಸೆಂಬರ್ 16ರಂದು ದೆಹಲಿಯ ಬಸ್ಸಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರ ಬೇಕಾಯಿತು. ಘಟನೆ ನಡೆದ ಒಂದು ವಾರಕ್ಕೆ ನೇಮಕವಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯಲ್ಲಿ ನ್ಯಾಯಮೂರ್ತಿ ಲೀಲಾ ಸೇಠ್ ಮತ್ತು ಗೋಪಾಲ್ ಸುಬ್ರಮಣಿಯಂ ಇದ್ದರು. ಸುಮಾರು 80,000 ಸಲಹೆಗಳು ಬಂದವು. ಒಂದೇ ತಿಂಗಳಲ್ಲಿ, 2013ರ ಜನವರಿ 23ರಂದು, ವರದಿ ಮುಗಿಯಿತು. ಸರ್ಕಾರಿ ಸಮಿತಿಯೊಂದು ಇಷ್ಟು ಚುರುಕಾಗಿ ಕೆಲಸ ಮಾಡಿದ ಉದಾಹರಣೆ ನನಗಂತೂ ಇನ್ನೊಂದು ಹೊಳೆಯುವುದಿಲ್ಲ. ಆ ವರ್ಷದ ತಿದ್ದುಪಡಿ 375ನೇ ಕಲಮನ್ನು ಪೂರ್ತಿ ಹೊಸದಾಗಿ ಬರೆಯಿತು. ಸಮ್ಮತಿ ಎಂದರೆ ನಿರ್ದಿಷ್ಟ ಲೈಂಗಿಕ ಕ್ರಿಯೆಗೆ ಹೆಣ್ಣು ಮಾತಿನಿಂದಲೋ ಸನ್ನೆಯಿಂದಲೋ ತನ್ನ ಇಷ್ಟವನ್ನು ತಿಳಿಸುವ, ಗೊಂದಲಕ್ಕೆ ಎಡೆಯಿಲ್ಲದ, ಸ್ವಂತ ಇಚ್ಛೆಯ ಒಪ್ಪಿಗೆ. ಅದರ ಕೆಳಗೆ ಒಂದು ಪರಂತುಕ: ಮೈಯಿಂದ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಳು ಒಪ್ಪಿದಳೆಂದು ತಿಳಿಯತಕ್ಕದ್ದಲ್ಲ.

ನಾಗಪುರ ಪೀಠ 1976ರಲ್ಲಿ ಹೇಳಿ, ಸುಪ್ರೀಂ ಕೋರ್ಟ್ 1978ರಲ್ಲಿ ಅಳಿಸಿದ್ದ ಮಾತು ಇದು. ಅದು ಕಾನೂನಿನ ಪುಸ್ತಕ ಸೇರುವ ಹೊತ್ತಿಗೆ ದೇಸಾಯಿಗಂಜಿನ ಆ ರಾತ್ರಿಗೆ ನಲವತ್ತೊಂದು ವರ್ಷವಾಗಿತ್ತು.

ಪುಸ್ತಕ ಬದಲಾದರೂ ಓದುವ ಕಣ್ಣು ಅಷ್ಟು ಬೇಗ ಬದಲಾಗಲಿಲ್ಲ. 2017ರಲ್ಲಿ ದೆಹಲಿ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಹೆಣ್ಣಿನ ಕ್ಷೀಣವಾದ ‘ಬೇಡ’ ಕೆಲವೊಮ್ಮೆ ‘ಆಗಲಿ’ ಎಂದೂ ಆಗಬಹುದು ಎಂಬರ್ಥದ ಮಾತು ಬರೆದು, ಸಂಶಯದ ಲಾಭವನ್ನು ಆರೋಪಿಗೆ ಕೊಟ್ಟಿತು. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಆರೋಪಿಗೆ ನಿರೀಕ್ಷಣಾ ಜಾಮೀನು ಕೊಡುವಾಗ, ಘಟನೆಯ ನಂತರ ಆಯಾಸದಿಂದ ನಿದ್ರೆ ಹೋದೆ ಎಂಬ ಹೆಣ್ಣಿನ ವಿವರಣೆ ಭಾರತೀಯ ಮಹಿಳೆಗೆ ತಕ್ಕುದಲ್ಲ, ನಮ್ಮ ಹೆಣ್ಣುಮಕ್ಕಳು ಹಾಗೆ ವರ್ತಿಸುವುದಿಲ್ಲ ಎಂದು ಬರೆಯಿತು. ದೇಶದುದ್ದಕ್ಕೂ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಆ ಸಾಲುಗಳನ್ನು ಆದೇಶದಿಂದ ತೆಗೆದುಹಾಕಲಾಯಿತು. 1974ರ ಚಂದ್ರಪುರದ ತೀರ್ಪಿಗೂ ಇದಕ್ಕೂ ನಡುವೆ ಇದ್ದದ್ದು ನಲವತ್ತಾರು ವರ್ಷ ಮತ್ತು ಮೇಲೆ ಹೇಳಿದ ಮೂರು ತಿದ್ದುಪಡಿ. ಎರಡರಲ್ಲೂ ಅಳೆಯುವ ಕೋಲು ಒಂದೇ: ಅತ್ಯಾಚಾರಕ್ಕೊಳಗಾದವಳು ಹೇಗೆ ನಡೆದುಕೊಳ್ಳಬೇಕೆಂಬ ನ್ಯಾಯಾಧೀಶರ ಕಲ್ಪನೆ. ಇಂಥ ಮಾತುಗಳಿಗೆ ಕಡಿವಾಣ ಹಾಕುವ ಸೂಚನೆಗಳನ್ನು ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ ಅಪರ್ಣಾ ಭಟ್ ಪ್ರಕರಣದಲ್ಲಿ ಕೊಟ್ಟಿತು. ಅಲ್ಲಿಯ ಸಂದರ್ಭ ಇನ್ನೂ ವಿಚಿತ್ರ. ಕಿರುಕುಳ ಕೊಟ್ಟ ಆರೋಪಿ ದೂರುದಾರಳ ಮನೆಗೆ ಹೋಗಿ ರಾಖಿ ಕಟ್ಟಿಸಿಕೊಳ್ಳಬೇಕೆಂದು ಮಧ್ಯಪ್ರದೇಶ ಹೈಕೋರ್ಟ್ ಜಾಮೀನಿಗೆ ಷರತ್ತು ಹಾಕಿತ್ತು.

ವೈದ್ಯರು ಬೆರಳಿಟ್ಟು ‘ರೂಢಿಯಾದವಳು’ ಎಂದು ಬರೆಯುವ ಪರೀಕ್ಷೆಯ ಕತೆಯೂ ಹೀಗೇ ಉದ್ದ. 2013ರಲ್ಲಿ ಸುಪ್ರೀಂ ಕೋರ್ಟ್ ಅದು ಹೆಣ್ಣಿನ ಘನತೆಗೆ ಧಕ್ಕೆ ಎಂದಿತು. ಆಸ್ಪತ್ರೆಗಳಲ್ಲಿ ನಡೆಯುತ್ತಲೇ ಇತ್ತು. 2022ರ ಅಕ್ಟೋಬರ್ 31ರಂದು, ಇನ್ನು ಮುಂದೆ ಆ ಪರೀಕ್ಷೆ ಮಾಡಿದವರನ್ನು ದುರ್ನಡತೆಯ ತಪ್ಪಿತಸ್ಥರೆಂದು ಪರಿಗಣಿಸಬೇಕೆಂದು ಮತ್ತೆ ಹೇಳಬೇಕಾಯಿತು. ಆ ತೀರ್ಪು ಬರೆದವರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. 1979ರ ಬಹಿರಂಗ ಪತ್ರ ಯಾರ ಹೆಸರಿಗೆ ಹೋಗಿತ್ತೋ ಅವರ ಮಗ.

ಇಷ್ಟೆಲ್ಲ ಆದ ಮೇಲೂ ಒಬ್ಬಳ ಸಮ್ಮತಿಯನ್ನು ಕಾನೂನು ಕೇಳುವುದೇ ಇಲ್ಲ. ಅವಳು ಹೆಂಡತಿ. 1860ರಿಂದಲೂ ಅತ್ಯಾಚಾರದ ವ್ಯಾಖ್ಯೆಗೆ ಒಂದು ಅಪವಾದ ಅಂಟಿಕೊಂಡಿದೆ: ಗಂಡ ಮಾಡಿದರೆ ಅತ್ಯಾಚಾರವಲ್ಲ, ಹೆಂಡತಿ ಇಂತಿಷ್ಟು ವರ್ಷಕ್ಕಿಂತ ಚಿಕ್ಕವಳಾಗಿದ್ದರೆ ಮಾತ್ರ ಅಪರಾಧ. ಬದಲಾಗಿರುವುದು ಆ ‘ಇಂತಿಷ್ಟು’ ಮಾತ್ರ. ಮೊದಲು 10. ಕಲ್ಕತ್ತೆಯಲ್ಲಿ ಹನ್ನೊಂದರ ಆಸುಪಾಸಿನ ಬಾಲೆಯೊಬ್ಬಳು ಗಂಡನ ಹಾಸಿಗೆಯಲ್ಲಿ ರಕ್ತಸ್ರಾವದಿಂದ ಸತ್ತ ಮೇಲೆ, ಬೆಹ್ರಾಮ್‌ಜಿ ಮಲಬಾರಿಯಂಥವರ ಹೋರಾಟಕ್ಕೆ ಬಲ ಬಂದು, 1891ರಲ್ಲಿ 12 ಆಯಿತು. ಧರ್ಮದಲ್ಲಿ ಸರ್ಕಾರ ಕೈಹಾಕಬಾರದೆಂದು ಬಾಲಗಂಗಾಧರ ತಿಲಕರು ಅದನ್ನೂ ವಿರೋಧಿಸಿದ್ದರು. 1925ರಲ್ಲಿ 13, 1949ರಲ್ಲಿ 15. ಅಲ್ಲಿಗೆ ನಿಂತಿತು. 2013ರಲ್ಲಿ ಉಳಿದವರಿಗೆಲ್ಲ ಸಮ್ಮತಿಯ ವಯಸ್ಸು 18 ಆದಾಗಲೂ ಹೆಂಡತಿಯದು 15ರಲ್ಲೇ ಉಳಿಯಿತು. 2017ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟ್ ಅದನ್ನು 18 ಎಂದು ಓದಬೇಕೆಂದಿತು. ಅಪವಾದವನ್ನೇ ಕಿತ್ತುಹಾಕಿ ಎಂದು ವರ್ಮಾ ಸಮಿತಿ ಹೇಳಿತ್ತು, ಸರ್ಕಾರ ಒಪ್ಪಲಿಲ್ಲ.

ಈ ಗೋಡೆಗೆ ಮೊದಲ ಬಿರುಕು ಬಿದ್ದದ್ದು ಬೆಂಗಳೂರಿನಲ್ಲಿ. 2022ರ ಮಾರ್ಚ್ 23ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ, ಹೆಂಡತಿಯ ದೂರಿನ ಮೇಲೆ ಗಂಡನ ವಿರುದ್ಧ ಹೊರಿಸಿದ್ದ ಅತ್ಯಾಚಾರದ ಆರೋಪವನ್ನು ರದ್ದುಮಾಡಲು ನಿರಾಕರಿಸಿದರು. ಅತ್ಯಾಚಾರ ಮಾಡಿದವನು ಗಂಡನಾದರೂ ಅದು ಅತ್ಯಾಚಾರವೇ ಎಂದರು. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಇದೇ ಪ್ರಶ್ನೆಯ ಮೇಲೆ ಬೇರೆಬೇರೆ ತೀರ್ಪು ಬರೆದಿದ್ದರು. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಎಲ್ಲವೂ ಒಟ್ಟಿಗೆ ವಿಚಾರಣೆಗೆ ಬಂದವು. ಪೀಠದ ಮುಖ್ಯಸ್ಥರು ಮುಂದಿನ ತಿಂಗಳು ನಿವೃತ್ತರಾಗಲಿದ್ದುದರಿಂದ ಮುಂದೂಡಲಾಯಿತು. ಅದಕ್ಕೂ ಮುಂಚೆ, ಆ ವರ್ಷದ ಜುಲೈ 1ರಂದು ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿತ್ತು. 375ನೇ ಕಲಂ ಈಗ 63. ಪ್ರತಿರೋಧಿಸದಿದ್ದರೆ ಒಪ್ಪಿದಂತಲ್ಲ ಎಂಬ ಪರಂತುಕ ಅದರಲ್ಲಿ ಹಾಗೇ ಇದೆ. ಅದರ ಕೆಲವು ಸಾಲು ಕೆಳಗೆ, ಹದಿನೆಂಟು ತುಂಬಿದ ಹೆಂಡತಿಗೆ ಅದು ಅನ್ವಯಿಸದಂತೆ ಮಾಡುವ ಅಪವಾದವೂ ಹಾಗೇ ಇದೆ. ದೇಸಾಯಿಗಂಜಿನ ಇಬ್ಬರು ಪೊಲೀಸರ ಖುಲಾಸೆಯೂ ಹಾಗೇ ಉಳಿದಿದೆ.